ನಾನು ಬಿಚ್ಚಿದ ಹದಿನಾಲ್ಕು ಜಡೆ

ಅಕ್ಟೋಬರ್ ತಿಂಗಳ ಒಂದು ಮಂಗಳವಾರ, ಬೆಳಗಿನ ಆಟದ ಹೊತ್ತಿನಲ್ಲಿ, ನಮ್ಮ ಡಾಗಿಸ್‌ನ ನಾಲ್ಕು ವರ್ಷದ ಹುಡುಗಿಯೊಬ್ಬಳ ತಲೆಯ ಮೇಲೆ ಯಾರೋ ಒಂದು ಬಕೆಟ್ ಮರಳು ಸುರಿದರು. ಯಾರು ಅಂತ ಕೇಳಿದರೆ ಆರು ಮಕ್ಕಳು ಆರು ಕಡೆ ಬೆರಳು ತೋರಿಸಿದವು. ಸ್ವೀಡನ್ನಿನ ಸುಂಡ್‌ಬೀಬರ್ಯ್‌ನ ಬಾಡಿಗೆ ಫ್ಲ್ಯಾಟುಗಳ ನಡುವೆ ಇರುವ ಆ ಶಿಶುವಿಹಾರದಲ್ಲಿ ನಾನು ಸಹಾಯಕಿ. ಸೇರಿ ಐದು ತಿಂಗಳಾಗಿತ್ತು. ಆರು ತಿಂಗಳು ಮುಗಿದ ಮೇಲೆ ನನ್ನನ್ನು ಖಾಯಂ ಮಾಡುವುದೋ ಬೇಡವೋ ಎಂದು ತೀರ್ಮಾನಿಸುವವರಿದ್ದರು. ಅಲ್ಲಿಯವರೆಗೆ ಯಾರ ಬಾಯಲ್ಲೂ ನನ್ನ ಬಗ್ಗೆ ಒಂದು ಕೊಂಕು ಮಾತು ಬಂದಿರಲಿಲ್ಲ. ಮಕ್ಕಳ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಕೊಬ್ಬು ಸ್ವಲ್ಪ ಇತ್ತು ಅಂತಲೇ ಹೇಳಬೇಕು.

ಆ ಮಗುವಿನ ಅಪ್ಪ ಅಮ್ಮ ಗ್ಯಾಂಬಿಯಾದವರು. ಅಪ್ಪ ಕೆಲಸದ ಮೇಲೆ ತಿಂಗಳಲ್ಲಿ ಅರ್ಧದಷ್ಟು ದಿನ ಬೇರೆ ಊರಿನಲ್ಲಿ. ಅಮ್ಮ ಒಂದು ವೃದ್ಧಾಶ್ರಮದಲ್ಲಿ ನರ್ಸ್ ಸಹಾಯಕಿ. ಮಗುವಿನ ತಲೆಯ ತುಂಬ ತೆಳುವಾದ ಜಡೆಗಳು, ನೆತ್ತಿಗೆ ಅಂಟಿಕೊಂಡು ಹೊರಟು ಕತ್ತಿನ ಹಿಂದೆ ಇಳಿಬೀಳುತ್ತಿದ್ದವು, ತುದಿಗೆ ಒಂದೊಂದು ಹಳದಿ ಮಣಿ. ಎರಡು ವಾರದಿಂದ ಅವೇ ಜಡೆಗಳು. ನನ್ನ ಕಣ್ಣಿಗೆ ಚುಚ್ಚುತ್ತಿದ್ದದ್ದು ಅದೇ. ತಿಪಟೂರಿನಲ್ಲಿ ನಮ್ಮಮ್ಮ ದಿನಾ ಬೆಳಗ್ಗೆ ನನ್ನನ್ನು ಮೊಣಕಾಲುಗಳ ಮಧ್ಯೆ ಸಿಕ್ಕಿಸಿಕೊಂಡು, ಅಂಗೈ ತುಂಬ ಕೊಬ್ಬರಿ ಎಣ್ಣೆ ತಟ್ಟಿ, ಸಿಕ್ಕು ಬಿಡಿಸಿ, ಎರಡು ಜಡೆ ಹಾಕಿ ರಿಬ್ಬನ್ ಕಟ್ಟುತ್ತಿದ್ದರು. ನಿನ್ನೆಯ ಜಡೆಯಲ್ಲೇ ಶಾಲೆಗೆ ಹೊರಟ ಹುಡುಗಿಯನ್ನು ನಮ್ಮ ಬೀದಿಯವರು ತಾಯಿ ಇಲ್ಲದ ಮಗುವನ್ನು ನೋಡುವ ಹಾಗೆ ನೋಡುತ್ತಿದ್ದರು. ಎರಡು ವಾರದ ಜಡೆ ಅಂದರೆ ಎರಡು ವಾರ ಆ ತಲೆಯನ್ನು ಯಾರೂ ಮುಟ್ಟಿಲ್ಲ ಅಂತ ನನ್ನ ಲೆಕ್ಕ. ಪಾಪ, ತಾಯಿಗೆ ಪುರುಸೊತ್ತಿಲ್ಲ ಅಂದುಕೊಂಡಿದ್ದೆ. ಆ ಪಾಪ ಅನ್ನುವುದರಲ್ಲಿ ಎಷ್ಟು ಜಂಬವಿತ್ತು ಅಂತ ನೆನೆದರೆ ಈಗ ನಾಚಿಕೆಯಾಗುತ್ತದೆ.

ಊಟವಾದ ಮೇಲೆ ಮಕ್ಕಳು ಚಾಪೆಯ ಮೇಲೆ ಮಲಗಿ ಕಥೆ ಕೇಳುವ ಹೊತ್ತು. ನಮ್ಮ ವಿಭಾಗದ ಹಿರಿಯ ಟೀಚರ್ ಕಥೆ ಓದುತ್ತಿದ್ದರು. ಹುಡುಗಿ ತಲೆ ತುರಿಸಿಕೊಳ್ಳುತ್ತಿದ್ದಳು. ನಾನು ಅವಳ ಕೈ ಹಿಡಿದು ಕೈತೊಳೆಯುವ ಕೋಣೆಗೆ ಕರೆದುಕೊಂಡು ಹೋದೆ. ಜಡೆಗಳನ್ನು ಕೊಡವಿ, ಒದ್ದೆ ಬಟ್ಟೆಯಲ್ಲಿ ಒರೆಸಿದ್ದರೆ ಸಾಕಿತ್ತು. ತಾಯಿಗೆ ಒಂದು ಫೋನ್ ಮಾಡಬಹುದಿತ್ತು. ಹೆತ್ತವರನ್ನು ಕೇಳದೆ ಮಗುವಿನ ಮೈಗೆ ಏನನ್ನೂ ಹಚ್ಚಬಾರದು ಎಂಬುದು ಮೊದಲ ವಾರವೇ ಹೇಳಿಕೊಡುವ ನಿಯಮ, ಬಿಸಿಲಿಗೆ ಹಚ್ಚುವ ಕ್ರೀಮಿಗೂ ಸಹಿ ಬೇಕು. ಅದೆಲ್ಲ ನನಗೆ ಬಾಯಿಪಾಠವಾಗಿತ್ತು. ತಲೆ ಬಾಚುವುದು, ಎಣ್ಣೆ ಹಚ್ಚುವುದು ಆ ನಿಯಮದೊಳಗೆ ಬರುತ್ತದೆ ಅಂತ ಮಾತ್ರ ಹೊಳೆಯಲೇ ಇಲ್ಲ.

ಮಣಿಗಳನ್ನು ಒಂದೊಂದಾಗಿ ತೆಗೆದು ಕಾಗದದ ಲೋಟಕ್ಕೆ ಹಾಕಿದೆ. ಹದಿನಾಲ್ಕು ಇದ್ದವು. ಜಡೆ ಬಿಚ್ಚುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು, ಅಷ್ಟು ಒಂದೇ ಸಮನಾಗಿ ಹೆಣೆದಿದ್ದರು. ಬೈತಲೆಗಳು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದ್ದವು. ಮರಳಿನ ಕೆಳಗೆ ನೆತ್ತಿ ಶುಚಿಯಾಗಿತ್ತು, ಬೆಣ್ಣೆಯಂಥದ್ದೇನೋ ಸವರಿ ಮೆತ್ತಗಿತ್ತು. ಯಾರೂ ಮುಟ್ಟದ ತಲೆಯಲ್ಲ ಇದು ಅಂತ ನನ್ನ ಬೆರಳಿಗೆ ಗೊತ್ತಾಯಿತು. ಆದರೂ ನಿಲ್ಲಿಸಲಿಲ್ಲ. ಸಿಂಕಿಗೆ ತಲೆ ಬಗ್ಗಿಸಿ ಕೈತೊಳೆಯುವ ಸೋಪಿನಲ್ಲೇ ತೊಳೆದು, ಪೇಪರ್ ಟವೆಲಿನಲ್ಲಿ ಗಸಗಸ ಉಜ್ಜಿದೆ. ಒಣಗುತ್ತ ಬಂದ ಹಾಗೆ ಕೂದಲು ಮೇಲೆ ಮೇಲೆ ಸರಿದು, ಭುಜ ಮುಟ್ಟುತ್ತಿದ್ದದ್ದು ಕಿವಿಯ ಮಟ್ಟಕ್ಕೆ ಬಂದು ಒತ್ತಾಯಿತು. ನನಗೆ ಗಾಬರಿಯಾಯಿತು. ಹಾಗೆ ಸುರುಳಿಯಾಗಿ ಕುಗ್ಗುವುದೇ ಆ ಕೂದಲಿನ ಗುಣ ಅಂತ ತಿಳಿಯದೆ, ಏನೋ ಕೆಟ್ಟಿತು, ಬಾಚಿ ಉದ್ದ ಮಾಡಬೇಕು ಅಂದುಕೊಂಡೆ.

ನನ್ನ ಬ್ಯಾಗಿನಲ್ಲಿ ಊರಿಂದ ತಂದ ಒತ್ತು ಹಲ್ಲಿನ ಬಾಚಣಿಗೆ ಇತ್ತು. ಚಳಿಗೆ ಕೈ ಒಡೆಯುತ್ತದೆಂದು ಇಟ್ಟುಕೊಂಡ ಕೊಬ್ಬರಿ ಎಣ್ಣೆಯ ಪುಟ್ಟ ಡಬ್ಬಿಯೂ ಇತ್ತು. ಮಗುವನ್ನು ಮೊಣಕಾಲುಗಳ ಮಧ್ಯೆ ಕೂರಿಸಿಕೊಂಡು, ನೆತ್ತಿಗೆ ಎಣ್ಣೆ ತಟ್ಟಿ, ನೆತ್ತಿಯಿಂದಲೇ ಬಾಚಣಿಗೆ ಇಳಿಸಿದೆ. ಎರಡಂಗುಲಕ್ಕೆ ನಿಂತಿತು. ಎಳೆದೆ. ಮಗು ಸ್ವೀಡಿಷ್‌ನಲ್ಲಿ ನೋವಾಗುತ್ತೆ ಅಂದಳು. ಆಯ್ತು ಪುಟ್ಟಿ, ಆಯ್ತು ಅನ್ನುತ್ತ ಇನ್ನೂ ಎಳೆದೆ. ಬಾಚಣಿಗೆಯ ಎರಡು ಹಲ್ಲು ಟಕ್ಕೆಂದು ಮುರಿದವು. "ಎಷ್ಟು ಹಠಮಾರಿ ಕೂದಲಪ್ಪ ಇದು, ಮಾತೇ ಕೇಳಲ್ಲ" ಅಂತ ಅವಳಿಗೆ ಅರ್ಥವಾಗುವ ಭಾಷೆಯಲ್ಲೇ, ನಗುನಗುತ್ತ ಹೇಳಿದೆ. ಬಲಗಿವಿಯ ಮೇಲೆ ಜೋರಾಗಿ ಎಳೆದಾಗ ಒಂದು ಕುಚ್ಚು ಬುಡಸಮೇತ ಕಿತ್ತು ಬಂತು. ಆಮೇಲೆ ಮಗು ಏನೂ ಹೇಳಲಿಲ್ಲ, ಎರಡು ಕೈಯಲ್ಲೂ ನನ್ನ ಪ್ಯಾಂಟನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ನಾನು ಜಾಣೆ ಅಂತ ಹೊಗಳಿದೆ. ರಬ್ಬರ್ ಬ್ಯಾಂಡ್ ಬಿಗಿದು ಎರಡು ಕುಚ್ಚು ಕಟ್ಟಿದೆ. ಕಿತ್ತು ಬಂದ ಕೂದಲನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಯ ತಳಕ್ಕೆ ತುರುಕಿದೆ. ತಪ್ಪು ಮಾಡಿಲ್ಲ ಅಂದುಕೊಂಡವಳು ತಳಕ್ಕೆ ಯಾಕೆ ತುರುಕುತ್ತಾಳೆ.

ಹಿರಿಯ ಟೀಚರ್ ಅಂದು ಎರಡು ಗಂಟೆಗೇ ಹೊರಟಿದ್ದರು, ಮರುದಿನ ಅವರಿಗೆ ಬೇರೆ ಕಡೆ ತರಬೇತಿ. ಮಕ್ಕಳಿಗೆಲ್ಲ ಟೋಪಿ ಹಾಕಿ ಮತ್ತೆ ಹೊರಗೆ ಬಿಟ್ಟೆ. ನಾಲ್ಕೂವರೆಗೆ ಆ ತಾಯಿ ಬಂದರು. ಮಗಳ ಟೋಪಿ ತೆಗೆದು, ಎರಡು ಕುಚ್ಚನ್ನೂ ಮುಟ್ಟಿ ನೋಡಿದರು. 

"ಇದನ್ನ ಯಾರು ಬಿಚ್ಚಿದ್ದು?"

"ಮರಳು ಬಿದ್ದಿತ್ತು. ಮಲಗಿದ್ದಾಗ ಅವಳೇ ಬಿಚ್ಚಿಕೊಂಡಿರಬೇಕು. ನಾನು ಸ್ವಲ್ಪ ಸರಿಮಾಡಿ ಕಟ್ಟಿದೆ" ಅಂದೆ.

ನಾಲ್ಕು ವರ್ಷದ ಮಗು ಕಥೆ ಕೇಳುತ್ತ ಹದಿನಾಲ್ಕು ಜಡೆ ಬಿಚ್ಚಿಕೊಂಡಿತಂತೆ. ಇಷ್ಟು ದಡ್ಡ ಸುಳ್ಳನ್ನು ಇಷ್ಟು ಸರಾಗವಾಗಿ ನಾನು ಹಿಂದೆಂದೂ ಹೇಳಿರಲಿಲ್ಲ. ತಾಯಿ ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. ಮಣಿಗಳಿದ್ದ ಲೋಟ ಇಸಿದುಕೊಂಡು ಹೊರಟುಹೋದರು.

ಅವರಿಗೆ ಆ ವಾರ ಸಾಲಾಗಿ ಡ್ಯೂಟಿ ಇತ್ತು. ಹೊಸದಾಗಿ ಜಡೆ ಹಾಕಲು ಇಡೀ ಒಂದು ದಿನ ಬೇಕಂತೆ, ಅದು ಆಗ ನನಗೆ ಗೊತ್ತಿರಲಿಲ್ಲ. ಹಾಗಾಗಿ ಬುಧವಾರ, ಗುರುವಾರ ಮಗು ಕೂದಲು ಬಿಟ್ಟುಕೊಂಡು ಟೋಪಿಯಲ್ಲಿ ಬಂದಳು. ಗುರುವಾರ ಹಿರಿಯ ಟೀಚರ್ ಟೋಪಿ ತೆಗೆಯಲು ಕೈ ಚಾಚಿದ ಕೂಡಲೇ ಅವಳು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಗ್ಗಿದಳು. ಪುಸಲಾಯಿಸಿ ನೋಡಿದರೆ ಬಲಗಿವಿಯ ಮೇಲೆ ಒಂದು ನಾಣ್ಯದಷ್ಟು ಜಾಗ ಬೋಳಾಗಿ ಕೆಂಪಾಗಿತ್ತು.

ಶುಕ್ರವಾರ ಫೀಕಾ, ಅಂದರೆ ಕಾಫಿ ವಿರಾಮ, ಮುಗಿದ ಮೇಲೆ ಟೀಚರ್ ನನ್ನನ್ನು ಪಕ್ಕದ ಕೋಣೆಗೆ ಕರೆದರು. ಅವರು ಒಳ್ಳೆಯವರು, ಪ್ರತಿಯೊಂದನ್ನೂ ಪದ್ಧತಿಯಂತೆ ಮಾಡುವವರು. ನೋಡಿದ್ದನ್ನು ದಿನಾಂಕ ಹಾಕಿ ಬರೆದಿಟ್ಟಿದ್ದರು. ಸ್ವೀಡಿಷ್‌ನಲ್ಲಿ ಹಿರಿಯರು ಕಿರಿಯರು ಅಂತಿಲ್ಲ, ಎಲ್ಲರೂ ಎಲ್ಲರಿಗೂ ನೀನು.

"ಯಾರು ಎಳೆದರು ಅಂತ ನಾನು ಮಗುವನ್ನ ನೇರವಾಗಿ ಕೇಳಲಿಲ್ಲ, ಹಾಗೆ ಕೇಳಬಾರದು. ಇಲ್ಲಿ ಏನಾಯ್ತು ಅಂತ ಕೇಳಿದೆ. 'ನನ್ನ ಕೂದಲು ಹಠಮಾರಿ, ಮಾತು ಕೇಳಲ್ಲ, ಅದಕ್ಕೇ' ಅಂದಳು. ಇದು ಮಗು ತಾನಾಗಿ ಕಟ್ಟಿದ ಮಾತಲ್ಲ. ಮನೇಲಿ ಯಾರೋ ಅಂದಿದ್ದಾರೆ. ಸೋಮವಾರ ಹತ್ತು ಗಂಟೆಗೆ ರೆಕ್ಟರ್ ಜೊತೆ ಕೂತು ವರದಿ ಕೊಡೋದಾ ಅಂತ ನೋಡ್ಬೇಕು. ಸಂಜೆ ನೀನೇ ಇರ್ತೀಯಲ್ಲ, ತಾಯಿ ಬಂದಾಗ ಏನಾದ್ರೂ ಕಂಡಿತ್ತಾ?"

ರೆಕ್ಟರ್ ಅಂದರೆ ನಮ್ಮ ಶಿಶುವಿಹಾರದ ಮುಖ್ಯಸ್ಥೆ. ವರದಿ ಅಂದರೆ ಈ ಮಗುವಿನ ಬಗ್ಗೆ ನಮಗೆ ಆತಂಕವಿದೆ ಎಂದು ಕೊಮ್ಯೂನಿಗೆ, ಅಂದರೆ ನಗರಸಭೆಯ ಮಕ್ಕಳ ರಕ್ಷಣೆಯ ವಿಭಾಗಕ್ಕೆ, ಬರೆದುಕೊಡುವುದು. ಅನುಮಾನ ಬಂದರೆ ಸಾಕು, ಕೊಡಲೇಬೇಕು, ಅದು ಕಾನೂನು. ನಮ್ಮ ಕನ್ನಡದ ತಾಯಂದಿರಲ್ಲಿ ಅದಕ್ಕೆ ಸೋಶಿಯಲ್ ಬರೋದು ಅನ್ನುತ್ತಾರೆ. ಮಗುವಿಗೆ ಕಾಡಿಗೆ ಹಚ್ಚಿದರೆ, ತುತ್ತು ತಿನ್ನಿಸಿದರೆ ಸೋಶಿಯಲ್ ಬರ್ತಾರಂತೆ ಅಂತ ಒಬ್ಬರನ್ನೊಬ್ಬರು ಹೆದರಿಸುವುದು ನಮ್ಮ ವಾಟ್ಸಾಪ್ ಗುಂಪಿನ ನಿತ್ಯಕರ್ಮ. ನನ್ನ ಮಗಳು ಮೊಣಕೈ ತರಚಿಕೊಂಡು ಬಂದರೂ ಟೀಚರ್ ಏನಂದುಕೊಳ್ಳುತ್ತಾರೋ ಅಂತ ನಾನೇ ಎಷ್ಟೋ ಸಲ ಬೆವತಿದ್ದೆ. ಈಗ ನನ್ನ ಕೈ ಮಾಡಿದ ಗಾಯ, ನನ್ನ ಬಾಯಿಂದ ಬಂದ ಮಾತು, ಎರಡೂ ಸೇರಿ ಇನ್ನೊಬ್ಬ ತಾಯಿಯ ಮೇಲೆ ಸಾಕ್ಷಿಯಾಗಿ ನಿಂತಿದ್ದವು.

"ನನಗೇನೂ ಕಾಣಿಸಲಿಲ್ಲ" ಅಂದೆ.

ಮಂಗಳವಾರ ಮಾಡಿದ್ದು ತಿಳಿಯದೆ ಮಾಡಿದ್ದು ಅಂತಲಾದರೂ ಹೇಳಬಹುದು. ಶುಕ್ರವಾರದ ಆ ಮಾತಿಗೆ ಯಾವ ಸಬೂಬೂ ಇಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಶನಿವಾರ ಕಿಸ್ಟಾದಲ್ಲಿ ನಮ್ಮವರ ಸಹೋದ್ಯೋಗಿಯ ಮಗುವಿನ ಹುಟ್ಟುಹಬ್ಬ. ಬಿಸಿಬೇಳೆಬಾತಿನ ತಟ್ಟೆ ಹಿಡಿದು ಹೆಂಗಸರೆಲ್ಲ ಕೂತಿದ್ದಾಗ ಯಾರೋ ನಿನ್ನ ಕೆಲಸ ಹೇಗಿದೆ ಅಂದರು. ಎದೆಯಲ್ಲಿದ್ದ ಭಾರ ಇಳಿಸಿಕೊಳ್ಳಬೇಕು ಅನಿಸಿತ್ತೋ ಏನೋ, ಆ ಕಥೆಯನ್ನು ತಮಾಷೆ ಮಾಡಿ ಹೇಳಿಬಿಟ್ಟೆ. ಬಾಚಣಿಗೆ ಹಲ್ಲೇ ಮುರಿದುಹೋಯ್ತು ಕಣ್ರೇ ಅಂದೆ. ಎಲ್ಲರೂ ನಕ್ಕರು. "ಅವ್ರು ಅದನ್ನ ಹೆಂಗ್ ಮೇಂಟೇನ್ ಮಾಡ್ತಾರೋ" ಅಂತ ಒಬ್ಬರು, "ಕಟ್ ಮಾಡ್ಸಿದ್ರೆ ಈಜಿ ಅಲ್ವಾ" ಅಂತ ಇನ್ನೊಬ್ಬರು. ನಾನೂ ನಕ್ಕೆ. ಕಿತ್ತು ಬಂದ ಕುಚ್ಚಿನ ವಿಷಯ ಮಾತ್ರ ಬಿಟ್ಟಿದ್ದೆ.

ಎಂಟು ವರ್ಷದ ನನ್ನ ಮಗಳು ಕೇಕ್ ತಿನ್ನುತ್ತ ಅಲ್ಲೇ ನಿಂತಿದ್ದಳು. ಮೆಟ್ರೋದಲ್ಲಿ ವಾಪಸು ಬರುವಾಗ ಕೇಳಿದಳು, "ಅಮ್ಮಾ, ಆ ಹುಡುಗಿ ಸ್ಟಾಪ್ ಅಂದ್ಲಾ?"

"ನೋವಾಗುತ್ತೆ ಅಂದ್ಲು."

"ಅದು ಸ್ಟಾಪ್ ತಾನೇ? ನಮ್ ಸ್ಕೂಲಲ್ಲಿ ಹಂಗೇ. ಆಮೇಲೂ ನೀನು ಮಾಡಿದ್ರೆ ನೀನೇ ಹೋಗಿ ಫ್ರೋಕೆನ್‌ಗೆ ಹೇಳ್ಬೇಕು."

ಫ್ರೋಕೆನ್ ಅಂದರೆ ಅವರ ಟೀಚರಮ್ಮ. ಅವಳಿಗೆ ನನ್ನ ಮೇಲೆ ಕೋಪವಿರಲಿಲ್ಲ, ಶಾಲೆಯ ನಿಯಮ ಹೇಳುತ್ತಿದ್ದಳು ಅಷ್ಟೆ. ನನಗೆ ಅವಳ ಮುಖ ನೋಡಲಾಗಲಿಲ್ಲ.

ಮನೆಗೆ ಬಂದು ನಮ್ಮವರಿಗೆ ಎಲ್ಲವನ್ನೂ, ಕುಚ್ಚನ್ನೂ ಸೇರಿಸಿ ಹೇಳಿದೆ. ಅವರು, "ಇನ್ನೊಂದು ತಿಂಗಳು ಕಣೇ, ಪರ್ಮನೆಂಟ್ ಆಗ್ಬಿಡ್ಲಿ. ರಿಪೋರ್ಟ್ ಹೋದ್ರೂ ಏನಾಗುತ್ತೆ, ವಿಚಾರಿಸ್ತಾರೆ, ಕ್ಲೋಸ್ ಮಾಡ್ತಾರೆ" ಅಂದರು.

"ನಮ್ಮನೆಗೆ ಬಂದು ವಿಚಾರಿಸಿದ್ರೆ?"

ಅವರು ಎದ್ದು ಮಗಳು ಮಲಗಿದ್ದ ಕೋಣೆಗೆ ಹೋದರು. ಭಾನುವಾರವಿಡೀ ನಾನು ಬಟ್ಟೆ ಒಗೆದೆ, ಮಡಚಿದೆ, ಮಡಚಿದ್ದನ್ನೇ ಮತ್ತೆ ಮಡಚಿದೆ. ಸಂಜೆ ಹೊತ್ತಿಗೆ ಹೇಳುವುದೆಂದು ತೀರ್ಮಾನವಾಗಿತ್ತು. ಧೈರ್ಯ ಬಂತು ಅಂತಲ್ಲ. ಆ ತಾಯಿಯ ಮನೆಯ ಸೋಫಾದ ಮೇಲೆ ಕೊಮ್ಯೂನಿನವರು ಕೂತು ಪ್ರಶ್ನೆ ಕೇಳುವುದು ಕಣ್ಣಿಗೆ ಕಟ್ಟುತ್ತಿತ್ತು, ಅದನ್ನು ತಡೆದುಕೊಳ್ಳುವುದಕ್ಕಿಂತ ಇದು ಸುಲಭ ಅನಿಸಿತು.

ಸೋಮವಾರ ಏಳೂವರೆಗೆ ರೆಕ್ಟರ್ ಬಾಗಿಲು ತಟ್ಟಿದೆ. ನಿಂತುಕೊಂಡೇ ಶುರುಮಾಡಿದೆ, ಅವರು ಕೂರಿಸಿದರು. ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರವಾಗುತ್ತಿದ್ದೆ. ಯಾವ ಸೋಪು, ಯಾವ ಬಾಚಣಿಗೆ, ಎಷ್ಟು ಹೊತ್ತು, ಮಗು ನೋವಾಗುತ್ತೆ ಎಂದು ಎಷ್ಟು ಸಲ ಹೇಳಿತು, ನಾನು ಏನೆಂದೆ, ತಾಯಿಗೆ ಏನು ಹೇಳಿದೆ, ಶುಕ್ರವಾರ ಟೀಚರ್‌ಗೆ ಏನು ಹೇಳಿದೆ, ಒಂದೊಂದನ್ನೂ ಕೇಳಿ ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಿದರು. ನನ್ನ ಒಡಕು ಸ್ವೀಡಿಷ್ ಅವರ ಬರವಣಿಗೆಯಲ್ಲಿ ಸಾಫಾಗಿತ್ತು, ಕೇಳುವಾಗ ಯಾರೋ ಕ್ರೂರ ಹೆಂಗಸಿನ ವಿಷಯ ಅನಿಸುತ್ತಿತ್ತು. ಕೆಳಗೆ ಸಹಿ ಹಾಕಿದೆ. ವರದಿಯ ಮಾತು ಅಲ್ಲಿಗೆ ನಿಂತಿತು. ನನ್ನ ಮೇಲೆ ಘಟನೆಯ ದಾಖಲೆ ತೆರೆದರು, ಅಂದಿನಿಂದಲೇ ಬೇರೆ ವಿಭಾಗಕ್ಕೆ ಹಾಕಿದರು. ತಾಯಿಗೆ ನಾನೇ ಹೇಳುತ್ತೇನೆ ಅಂದೆ. ರೆಕ್ಟರ್ ಯೋಚಿಸಿ, ನಾನೂ ಜೊತೆಗಿರುತ್ತೇನೆ ಅಂದರು.

ಸಂಜೆ ಅದೇ ಕೋಣೆಯಲ್ಲಿ ತಾಯಿಗೆ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಪರ್ಸಿನಿಂದ ಒಂದು ಟಿಶ್ಯೂ ತೆಗೆದು ಮೇಜಿನ ಮೇಲೆ ಬಿಚ್ಚಿದರು. ಒಳಗೆ ನನ್ನ ಬಾಚಣಿಗೆಯ ಮುರಿದ ಹಲ್ಲು.

"ಮಂಗಳವಾರ ಸಂಜೇನೇ ಅವಳ ತಲೇಲಿ ಸಿಕ್ಕಿತು" ಅಂದರು. "ಯಾರಾದ್ರೂ ಹೇಳ್ತಾರಾ ಅಂತ ಕಾಯ್ತಿದ್ದೆ."

ನಮಗೆ ಯಾಕೆ ತಿಳಿಸಲಿಲ್ಲ ಅಂತ ರೆಕ್ಟರ್ ಕೇಳಿದರು.

"ಮಗು ತಲೇಲಿ ಗಾಯ ಇದೆ ಅಂತ ನಾನು ಬಂದು ಹೇಳಿದ್ರೆ ನೀವು ಮೊದಲು ಪ್ರಶ್ನೆ ಕೇಳೋದು ಯಾರನ್ನ?"

ರೆಕ್ಟರ್ ಪೆನ್ನು ಕೆಳಗಿಟ್ಟರು. ನಾನು ಕ್ಷಮಿಸಿ ಅಂದೆ. ಅವರು ಅದಕ್ಕೆ ತಲೆ ಆಡಿಸಲೂ ಇಲ್ಲ.

"ಕೂದಲು ಬೆಳೆಯುತ್ತೆ" ಅಂದರು. "ಆದ್ರೆ ಬುಧವಾರದಿಂದ ಅವಳು ಕನ್ನಡಿ ಮುಂದೆ ನಿಂತು, ನನ್ನ ಕೂದಲು ಒಳ್ಳೇದಲ್ಲ, ಜಾರೋ ಅಂಥ ಕೂದಲು ಬೇಕು ಅಂತಿದ್ದಾಳೆ. ನಾಲ್ಕು ವರ್ಷ ಪ್ರತಿ ಸಲ ತಲೆ ಮುಟ್ಟಿದಾಗಲೂ ಇದು ಚೆಂದ ಅಂತ ಹೇಳ್ಕೊಂಡು ಬೆಳೆಸಿದೀನಿ ಅವಳನ್ನ. ನೀನು ಒಂದೇ ಮಧ್ಯಾಹ್ನದಲ್ಲಿ ಅದನ್ನೆಲ್ಲ ಅಳಿಸಿದೆ." ಎದ್ದು ಕೋಟು ಹಾಕಿಕೊಂಡ ಮೇಲೆ ನನ್ನತ್ತ ತಿರುಗಿ, "ಭಾನುವಾರ ರಜೆ ಇದೆ, ಜಡೆ ಹಾಕ್ತೀನಿ. ನೀನು ಬಾ. ಮುಟ್ಟೋದು ಬೇಡ, ನೋಡು. ನಾಳೆ ಇನ್ನೊಬ್ಬರ ಮಗು ನಿನ್ನ ಕೈಗೆ ಬರುತ್ತೆ" ಅಂದರು.

ಭಾನುವಾರ ಹತ್ತು ಗಂಟೆಗೆ ಹೋದೆ. ಡಾಗಿಸ್‌ನಿಂದ ಎರಡು ಬೀದಿ ಆಚೆ, ಮೂರನೇ ಮಹಡಿ. ಮಗು ಅಡುಗೆಮನೆಯಲ್ಲಿ ದಿಂಬು ಪೇರಿಸಿದ ಕುರ್ಚಿಯ ಮೇಲೆ ಕೂತಿದ್ದಳು. ನನ್ನನ್ನು ಕಂಡು ಅವಳ ಭುಜ ಮೇಲಕ್ಕೆ ಹೋದವು. ನಾನು ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತೆ.

ಮೊದಲು ನೀರು. ಸ್ಪ್ರೇ ಬಾಟಲಿಯಿಂದ ಕೂದಲೆಲ್ಲ ನೆನೆಯುವ ತನಕ. ಒಣ ಕೂದಲಿಗೆ ಬಾಚಣಿಗೆ ತಾಗಿಸುವಂತೆಯೇ ಇಲ್ಲ. ಆಮೇಲೆ ಕೈ ತುಂಬ ಕಂಡೀಷನರ್ ಸವರಿ, ತಲೆಯನ್ನು ನಾಲ್ಕು ಭಾಗ ಮಾಡಿ ಮೂರನ್ನು ಕ್ಲಿಪ್ಪಿನಲ್ಲಿ ಕಟ್ಟಿಟ್ಟು ಒಂದನ್ನು ಮಾತ್ರ ಕೈಗೆ ತೆಗೆದುಕೊಂಡರು. ಸಿಕ್ಕನ್ನು ಮೊದಲು ಬೆರಳಿನಲ್ಲೇ ಬಿಡಿಸಿದರು. ಅಗಲ ಹಲ್ಲಿನ ಬಾಚಣಿಗೆ ಬಂದದ್ದು ಅದಾದ ಮೇಲೆ, ಅದೂ ತುದಿಯಿಂದ. ಒಂದಂಗುಲ ಬಿಡಿಸಿ, ಅದರ ಮೇಲಿನ ಒಂದಂಗುಲ, ಹೀಗೆ ಬುಡದ ಕಡೆಗೆ. ಬಾಚುವ ಜಾಗಕ್ಕಿಂತ ಮೇಲೆ ಕೂದಲನ್ನು ಇನ್ನೊಂದು ಕೈಯಲ್ಲಿ ಹಿಡಿದಿರುತ್ತಿದ್ದರು, ಎಳೆತ ನೆತ್ತಿಗೆ ತಲುಪದ ಹಾಗೆ. ನಾನು ಮಾಡಿದ್ದೆಲ್ಲವೂ ಇದಕ್ಕೆ ಸರಿಯಾಗಿ ತಲೆಕೆಳಗು. ಒಂದು ಭಾಗಕ್ಕೆ ಮುಕ್ಕಾಲು ಗಂಟೆ. ಮಗು ಒಮ್ಮೆಯೂ ನೋವಾಗುತ್ತೆ ಅನ್ನಲಿಲ್ಲ, ನಡುವೆ ಬಾಳೆಹಣ್ಣು ತಿಂದಳು.

ತೊಳೆದು, ಹಳೆಯ ಹತ್ತಿ ಟೀ ಶರ್ಟಿನಲ್ಲಿ ನೀರು ಒತ್ತಿ ತೆಗೆದು, ಶಿಯಾ ಅನ್ನುವ ಕಾಯಿಯಿಂದ ತೆಗೆದ ಬೆಣ್ಣೆಯನ್ನು ಅಂಗೈಯಲ್ಲಿ ಕರಗಿಸಿ ಸವರಿದರು. ಜಡೆ ಎರಡು ಮೂರು ವಾರ ಬಿಡುವುದು ಪುರುಸೊತ್ತಿಲ್ಲ ಅಂತಲ್ಲ, ಪದೇ ಪದೇ ಮುಟ್ಟಿದರೆ ಈ ಕೂದಲು ತುಂಡಾಗುತ್ತದೆ, ಹೆಣೆದಿಟ್ಟರೆ ಅದರೊಳಗೆ ಸುಮ್ಮನೆ ಬೆಳೆಯುತ್ತದೆ ಅಂದರು. ನನ್ನ ಕಡೆ ನೋಡದೆಯೇ ಹೇಳಿದರು. ಬಲಗಿವಿಯ ಮೇಲಿನ ಬೋಳು ಜಾಗದ ಸುತ್ತ ಜಡೆ ಹಾಕದೆ ಸಡಿಲವಾಗಿ ಬಿಟ್ಟರು.

ಒಂದು ಕ್ಲಿಪ್ ನೆಲಕ್ಕೆ ಬಿತ್ತು. ಎತ್ತಿ ಕೊಡಲು ನಾನು ಕೈ ಚಾಚಿದೆ. ಮಗುವಿನ ಎರಡೂ ಕೈ ತಟ್ಟನೆ ತಲೆಯ ಮೇಲೆ ಹೋದವು.

"ಮೇಜಿನ ಮೇಲಿಡು, ನಾನು ತಗೋತೀನಿ" ಅಂದರು ತಾಯಿ.

ಮೊದಲ ಜಡೆ ಮುಗಿದಾಗ ಅವರು ತಮ್ಮ ಭಾಷೆಯಲ್ಲಿ ಮಗಳನ್ನು ಏನೋ ಕೇಳಿದರು. ಮಗು ಮಾತಾಡಲಿಲ್ಲ. ಇನ್ನೊಮ್ಮೆ ಕೇಳಿದರು. ಮಗು ತಲೆ ಬಗ್ಗಿಸಿ ಬಾಳೆಹಣ್ಣಿನ ಸಿಪ್ಪೆಯನ್ನು ಸೀಳುತ್ತಿದ್ದಳು. ತಾಯಿ ನನಗೆ ಸ್ವೀಡಿಷ್‌ನಲ್ಲಿ ಹೇಳಿದರು, "ಇದು ಯಾರ ಕೂದಲು ಅಂತ ಕೇಳಿದೆ. ನನ್ನಮ್ಮ ನನ್ನನ್ನ ಹೀಗೇ ಕೇಳ್ತಿದ್ದರು, ಪ್ರತಿ ಜಡೆಗೂ. ನಂದು ಅನ್ನಬೇಕು, ಆಮೇಲೇ ಮುಂದಿನ ಜಡೆ. ಇವಳು ಪಕ್ಕದ ಮನೆಗೆ ಕೇಳೋ ಹಾಗೆ ಕೂಗೋಳು."

ಅವರ ಬೆರಳುಗಳು ಎರಡನೇ ಬೈತಲೆಯ ಮೇಲೆ ನಿಂತಿದ್ದವು. ಮೂರನೆಯ ಸಲ ಕೇಳಿದರು. ಮಗು ಓರೆಗಣ್ಣಿನಲ್ಲಿ ನನ್ನನ್ನು ನೋಡಿ, ತಕ್ಷಣ ಸಿಪ್ಪೆಯ ಕಡೆ ತಿರುಗಿದಳು. ಅಷ್ಟಾದರೂ ನನಗೆ ತಿಳಿಯಲು ಒಂದು ನಿಮಿಷ ಹಿಡಿಯಿತು.

ಎದ್ದೆ. ಹೊರಗಿನ ಹಾಲಿಗೆ ಬಂದು, ಶೂಗಳು ಕೋಟುಗಳು ಇರುವ ಜಾಗದಲ್ಲಿ, ಅವಳಿಗೆ ಕಾಣದ ಹಾಗೆ ಗೋಡೆಗೆ ಒರಗಿ ನಿಂತೆ.  ಒಳಗೆ ತಾಯಿ ಅದೇ ಪ್ರಶ್ನೆ ಕೇಳಿದರು. ತುಂಬ ಸಣ್ಣ ದನಿಯಲ್ಲಿ, ಕೇಳಿತೋ ಇಲ್ಲವೋ ಎಂಬಂತೆ, ಉತ್ತರ ಬಂತು. ಎರಡನೇ ಜಡೆಗೆ ಇನ್ನೂ ಸ್ವಲ್ಪ ಜೋರಾಗಿ ಬಂತು. ನಾನು ಶೂ ಹಾಕಿಕೊಳ್ಳಲಿಲ್ಲ, ಒಳಗೂ ಹೋಗಲಿಲ್ಲ. ಕೊನೆಯ ಜಡೆ ಮುಗಿಯುವ ತನಕ ಅಲ್ಲೇ ನಿಂತಿದ್ದೆ.